ಬಕೆಟ್ಟಿನ ಹೈಡ್ರೋಜನ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತು ಅಲ್ಲ, ಬೇಕೆಂದೇ. ಬದುಕಿನ ಕಡೆಯ ದಿನಗಳಲ್ಲಿ ಅವರು ತಮ್ಮ ಹೆಸರನ್ನು ಒಂದು ಸುಳ್ಳಿನ ಪಕ್ಕದಿಂದ ತೆಗೆಸಲು ಓಡಾಡಿದರು. ಯಾರೂ ತೆಗೆಯಲಿಲ್ಲ. ತೀರಿಕೊಂಡ ಮೇಲೆ ಅದೇ ಹೆಸರನ್ನು ಇನ್ನೂ ದಪ್ಪ ಅಕ್ಷರಗಳಲ್ಲಿ ಬರೆಸಿದ್ದಾರೆ. ನಾನಾದರೂ ಅದನ್ನು ಬಿಟ್ಟುಬಿಡುತ್ತೇನೆ. ನಾವು ಕರೆಯುತ್ತಿದ್ದ ಹಾಗೆ ಮೇಡಂ ಎಂದರೆ ಸಾಕು.

ಈ ಬರಹಕ್ಕೆ ಕಾರಣ ಸೇಡಂನಲ್ಲಿ ಅವರಿಗಾಗಿ ನಡೆದ ಶ್ರದ್ಧಾಂಜಲಿ ಸಭೆ. ಅವರು ಕೆಲಸ ಮಾಡಿದ ಸಂಶೋಧನಾ ಸಂಸ್ಥೆಯವರೇ ಇಟ್ಟುಕೊಂಡಿದ್ದರು. ಬಾಡಿಗೆ ಕುರ್ಚಿಗಳು, ಫೋಟೋಕ್ಕೆ ಮಾಲೆ, ಬೆಂಗಳೂರಿನಿಂದ ಬಂದ ನಿರ್ದೇಶಕರು. ಅವರು ಮೈಕಿನ ಮುಂದೆ ನಿಂತು, ‘ಈ ಭಾಗದ ನೆಲದಡಿಯಲ್ಲಿ ಹೈಡ್ರೋಜನ್ ಇದೆ ಎಂದು ಜಗತ್ತಿಗೆ ತೋರಿಸಿಕೊಟ್ಟ ಧೀಮಂತೆ ಇವರು. ಈ ಕೀರ್ತಿ ನಮ್ಮ ಸಂಸ್ಥೆಗಿಂತ ಹೆಚ್ಚಾಗಿ ಅವರಿಗೇ ಸಲ್ಲಬೇಕು’ ಎಂದರು. ಬಹಳ ಉದಾರವಾಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಿಂದ ಎದ್ದು ನಿಂತು ಕೈ ಎತ್ತಿದೆ. ನಿರೂಪಣೆ ಮಾಡುತ್ತಿದ್ದವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಚೀಟಿ ನೋಡಿದರು, ‘ಈಗ ವಂದನಾರ್ಪಣೆ’ ಎಂದರು. ಆಮೇಲೆ ಉಪ್ಪಿಟ್ಟು, ಚಹಾ.

ನಾನು ಹೇಳಬೇಕೆಂದಿದ್ದದ್ದು ಒಂದೇ ಮಾತು. ಮೇಡಂ ಇಲ್ಲಿ ಹೈಡ್ರೋಜನ್ ಕಂಡುಹಿಡಿಯಲಿಲ್ಲ. ಕಂಡಿದೆ ಎಂದು ಮೊದಲು ತಾವೇ ತಪ್ಪು ತಿಳಿದರು. ತಪ್ಪೆಂದು ಗೊತ್ತಾದ ದಿನವೇ ಹಾಗೆ ಹೇಳಿದರು. ಮೈಕಿನ ಮುಂದೆ ನಿಂತಿದ್ದ ಆ ಮನುಷ್ಯನಿಗೇ ಹೇಳಿದರು.

ಮೇಡಂ ಶಹಾಬಾದಿನವರು. ಅವರ ತಂದೆ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಲ್ಲಿದ್ದರು. ಅದಕ್ಕೋ ಏನೋ, ಯಾರ ಮನೆಗೆ ಹೋದರೂ ಮೇಡಂ ಮನೆಯವರ ಮುಖಕ್ಕಿಂತ ಮೊದಲು ನೆಲ ನೋಡುತ್ತಿದ್ದರು. ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ, ‘ಇದು ನಮ್ಮೂರ ಕಲ್ಲಲ್ಲ, ಚಿತ್ತಾಪುರ ಕಡೀದು’ ಎನ್ನುವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮ ಕಲಬುರಗಿ ಕನ್ನಡ, ನಿರ್ದೇಶಕರ ಫೋನ್ ಬಂದರೆ ಇಂಗ್ಲಿಷು. ಮೂರರಲ್ಲೂ ಅವರ ದನಿ ಒಂದೇ ಎತ್ತರದಲ್ಲಿರುತ್ತಿತ್ತು.

ಪೆಟ್ರೋಲಿಯಂ ಎಂಜಿನಿಯರಿಂಗ್ ತರಗತಿಯಲ್ಲಿ ಹುಡುಗಿಯರೇ ಇಲ್ಲದ ಕಾಲದಲ್ಲಿ ಅದನ್ನು ಓದಿದವರು ಅವರು. ಊರಿಂದ ದೂರ ತೈಲ ಬಾವಿಗಳ ಮೇಲೆ ವರ್ಷಗಟ್ಟಲೆ ದುಡಿದು, ಆಮೇಲೆ ಸಂಶೋಧನೆಗೆ ಬಂದರು. ಯಾರಾದರೂ ‘ವಿಜ್ಞಾನಿ’ ಎಂದರೆ ಮುಖ ಸಿಂಡರಿಸುತ್ತಿದ್ದರು. ‘ನಾ ಬಾವಿ ಕೆಲಸದಾಕಿ’ ಎನ್ನುತ್ತಿದ್ದರು. ಸಂಸ್ಥೆ ನಮ್ಮ ಭಾಗದ ನೆಲವನ್ನು ಪರೀಕ್ಷಿಸಲೆಂದು ಸೇಡಂ ಬಸ್ ನಿಲ್ದಾಣದ ಹಿಂದೆ ಒಂದು ಮನೆ ಬಾಡಿಗೆ ಹಿಡಿದು ಆಫೀಸು ತೆರೆದಾಗ ಮೇಡಂ ಅದರ ಮುಖ್ಯಸ್ಥೆಯಾದರು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನಾನು ಅವರ ಸಹಾಯಕಿಯಾದೆ.

ಕೆಲಸ ಎರಡು ಬಗೆಯದು. ನೆಲದ ಆಳದಲ್ಲಿ ಕಬ್ಬಿಣದ ಅಂಶವಿರುವ ಕೆಲವು ಕಲ್ಲುಗಳಿಗೆ ನೀರು ತಾಗಿದಾಗ ತಾನಾಗಿ ಹೈಡ್ರೋಜನ್ ಹುಟ್ಟುತ್ತದೆ. ಅದನ್ನು ಉರಿಸಿದರೆ ಹೊಗೆ ಬರುವುದಿಲ್ಲ, ನೀರಾವಿ ಬರುತ್ತದೆ. ನಮ್ಮ ಸುಣ್ಣಕಲ್ಲಿನ ಕೆಳಗಿರುವ ಕಲ್ಲಿನಲ್ಲಿ ಅಂಥದ್ದು ಇದೆಯೇ ಎಂದು ನೋಡುವುದು ಒಂದು. ಇಲ್ಲದಿದ್ದರೆ, ಬೇರೆ ಕಡೆ ತಯಾರಿಸಿದ ಹೈಡ್ರೋಜನ್ನನ್ನು ನೆಲದೊಳಗೆ ತುಂಬಿ, ಬೇಕಾದಾಗ ತೆಗೆದುಕೊಳ್ಳಲು ಇಲ್ಲಿನ ಕಲ್ಲು ತಡೆಯುತ್ತದೆಯೇ ಎಂದು ನೋಡುವುದು ಇನ್ನೊಂದು.

ಮೇಡಂ ಶಹಾಬಾದಿನಿಂದ ರೈಲಿನಲ್ಲಿ ಬಂದು ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ವಾಡಿ ಪ್ಲಾಟ್‌ಫಾರ್ಮಿನಲ್ಲಿ ನಾಲವಾರದ ಮಠಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ನಮ್ಮ ಕೊಳವೆಗಳ ಚೀಲ ನೋಡಿ ಕೇಳಿದಳು.

‘ಏನ್ ದಂಧೆ ಮಾಡ್ತೀಯವ್ವ?’

‘ಹಗೇವು ಹುಡುಕಾಕತ್ತೀನಿ ಅಮ್ಮ.’

‘ಈಗೆಲ್ಲೀ ಹಗೇವು? ಜ್ವಾಳ ಎಲ್ಲಾ ಗೋದಾಮಿಗಿ ಹೋಗ್ತದ.’

‘ಜ್ವಾಳಕ್ಕಲ್ಲ. ನೀವು ನೆಲದಾಗ ಜ್ವಾಳ ಇಡ್ತಿದ್ರಿ, ನಾವು ಗಾಳಿ ಇಡಾಕ ನೋಡ್ಲಿಕತ್ತೀವಿ.’

ಅಜ್ಜಿ ನಗಲಿಲ್ಲ. ‘ಹುಷಾರ್ ಯವ್ವಾ. ಹಗೇವಿನ ಬಾಯಿ ತಗದ ಕೂಡ್ಲೆ ಇಳೀಬ್ಯಾಡ. ನಮ್ಮ ಮಾವ ಹಂಗೇ ಉಸಿರು ಕಟ್ಟಿ ಹ್ವಾದ.’

‘ಇಳಿಯಾಂಗಿಲ್ಲಮ್ಮ. ಬಾಯಿ ತಗದು ಕುಂದರ್ತೀನಿ. ನಂದು ಕುಂದರೋದೇ ಕೆಲಸ’ ಎಂದರು ಮೇಡಂ.

ಅದು ನಿಜ. ಅವರ ಕೆಲಸದ ರೀತಿಯೇ ಅದು: ಕಾಯುವುದು. ಮೊದಲ ವಾರ ಆಡಕಿಯ ಹತ್ತಿರದ ಹೊಲದಲ್ಲಿ ನನ್ನ ಕೈಯಿಂದ ಉಕ್ಕಿನ ಸಲಾಕಿ ಹೊಡೆಸಿ ತೂತು ಮಾಡಿಸಿದರು. ಕೊಳವೆ ಇಳಿಸಿ ಮೀಟರ್ ಹಚ್ಚಿದೆ. ಅಂಕಿ ಏರತೊಡಗಿತು. ನನ್ನ ಮುಖ ನೋಡಿ ಕೇಳಿದರು.

‘ಖುಷಿ ಆತು?’

‘ಹೌದು ಮೇಡಂ.’

‘ಠೈರೋ ಬೇಟಾ, ತಡಿ. ಬಾ, ರೊಟ್ಟಿ ತಿನ್ನಮಿ.’

ತೂತಿನ ಬಾಯಿಗೆ ಹಸಿ ಎರೆಮಣ್ಣು ಮೆತ್ತಿ, ಬೇವಿನ ಕೆಳಗೆ ಕುಳಿತು ರೊಟ್ಟಿ ತಿಂದೆವು. ಚಹಾ ಕುಡಿದೆವು. ಅವರು ಬಸಿಯಲ್ಲಿ ಚಹಾ ಆರಿಸಿ ಕುಡಿಯುವುದಕ್ಕೇ ಒಂದು ಯುಗ ಹಿಡಿಯುತ್ತಿತ್ತು. ಮತ್ತೆ ಮೀಟರ್ ಹಚ್ಚಿದಾಗ ಅಂಕಿ ಬಹಳ ಇಳಿದಿತ್ತು. ಮರುದಿನ ಹೋಗಿ ನೋಡಿದಾಗ ಏನೂ ಇರಲಿಲ್ಲ.

‘ಅದು ಭೂಮೀದಲ್ಲ, ನಿನ್ನ ಸಲಾಕೀದು’ ಎಂದರು. ಉಕ್ಕು ಕಲ್ಲಿಗೆ ಉಜ್ಜಿ ಬಿಸಿಯಾದಾಗ, ಒದ್ದೆ ಮಣ್ಣಿನಲ್ಲಿ ಹೊಸ ಲೋಹದ ಮೈ ತೆರೆದುಕೊಂಡಾಗ, ಅಲ್ಲೇ ಒಂದಿಷ್ಟು ಹೈಡ್ರೋಜನ್ ಹುಟ್ಟುತ್ತದೆ. ‘ನಾವು ಭೂಮೀನ್ನ ಕೇಳ್ತೀವಿ, ನಮ್ಮ ಸಲಾಕಿನೇ ನಡುವ ಬಾಯಿ ಹಾಕ್ತದ. ಅದು ಮಾತಾಡಿ ಮುಗಸ್ಲಿ ಅಂತ ಕಾಯಬೇಕು.’

ಹೀಗೆ ಕಾಯುತ್ತ ನಾವು ಸೇಡಂನಿಂದ ಚಿಂಚೋಳಿಯವರೆಗೆ ಹೊಲ ಹೊಲ ತಿರುಗಿದೆವು. ಜನರಿಗೆ ನಾವೊಂದು ತಮಾಷೆ. ‘ಮೇಡಂನೋರು ಭೂಮಿಗಿ ಜ್ವರ ನೋಡ್ಲಿಕತ್ಯಾರ’ ಎನ್ನುವರು. ಹೊಲದ ಮಾಲೀಕನೊಬ್ಬ ದೂರದಿಂದಲೇ, ‘ಮಾತ್ರಿ ಏನ್ ಕೊಡ್ತೀರ್ರಿ?’ ಎಂದು ಕೂಗಿದ. ಮೇಡಂ ತಲೆ ಎತ್ತದೆ, ‘ಊಟಕ್ಕಿಂತ ಮೊದಲ ಒಂದು, ಮಾಲೀಕನ ಬಾಯಿ ಮುಚ್ಚಾಕ ಒಂದು’ ಎಂದರು. ಅವನೇ ಎಲ್ಲರಿಗಿಂತ ಹೆಚ್ಚು ನಕ್ಕ. ಯಾರ ಹೊಲದಲ್ಲೂ ಕೇಳದೆ ತೂತು ಹೊಡೆದದ್ದಿಲ್ಲ. ಎಳ್ಳ ಅಮಾವಾಸ್ಯೆಯ ದಿನ ನಾನು ಕೆಲಸಕ್ಕೆ ಸಿದ್ಧವಾಗಿ ಹೋದರೆ ಅವರು ಚೀಲವನ್ನೇ ಇಳಿಸಲಿಲ್ಲ. ‘ಇವತ್ತು ಎಲ್ಲಾರೂ ಚರಗ ಚೆಲ್ಲಿ ಭೂಮಿಗಿ ಉಣ್ಣಸ್ಲಿಕತ್ಯಾರ. ಉಣ್ಣೋ ಹೊತ್ತಿನಾಗ ಸೂಜಿ ಚುಚ್ಚೋದು ಯಾವ ಡಾಕ್ಟರಕಿ?’ ಎಂದರು. ಅಂದು ನಾವು ಯಾರದೋ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು ಬಂದೆವು.

ಸಿಟ್ಟಿನಲ್ಲಿ ಕುಳಿತವಳು ಊಟದ ಮಾತಿಗೆ ಇಳಿದೆ. ಅವರ ನೆನಪು ಬಂದರೆ ಹೀಗಾಗುತ್ತದೆ.

ಆಡಕಿ ಕಡೆಯ ಒಂದು ಹಳ್ಳಿಯಲ್ಲಿ ಶಾಂತಮ್ಮ ಎಂಬುವರ ತೊಗರಿ ಹೊಲವಿದೆ. ಗಂಡ ಲಾರಿ ಚಾಲಕ. ವಾರದಲ್ಲಿ ಒಂದೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೊಲವನ್ನು ಶಾಂತಮ್ಮನೇ ನೋಡಿಕೊಳ್ಳುತ್ತಾರೆ. ಅಲ್ಲೊಂದು ಬೋರು ಇತ್ತು. ನೀರು ಕಡಿಮೆಯಾಗಿದೆ ಎಂದು ಮೋಟಾರು ಮೇಲೆತ್ತಿ ಬಾಯಿಗೆ ಕಲ್ಲು ಮುಚ್ಚಿದ್ದರು. ನಾವು ಅದರ ಬಾಯಿಗೆ ಕೊಳವೆ ಇಳಿಸಿದಾಗ ಅಂಕಿ ಏರಿತು. ಕಾದೆವು. ಇಳಿಯಲಿಲ್ಲ. ಮರುದಿನವೂ ಇತ್ತು. ವಾರ ಬಿಟ್ಟು ಹೋದೆವು, ಇನ್ನೂ ಹೆಚ್ಚಾಗಿತ್ತು. ಬೋರಿಗೆ ಕಿವಿಗೊಟ್ಟರೆ ಒಳಗೆ ನೀರು ಗುಳು ಗುಳು ಎನ್ನುವುದು ಕೇಳುತ್ತಿತ್ತು.

ಮೇಡಂ ಕೇಳಿದರು: ‘ಶಾಂತಮ್ಮ, ಇತ್ತೀಚಿಗಿ ಬೋರಿಗಿ ಏನಾರ ಮಾಡ್ಸೀರೇನು? ಒಳಗ ಏನಾರ ಹಾಕೀರೇನು?’

‘ಏನಿಲ್ರಿ ಮೇಡಂನೋರ.’

‘ಖರೇ?’

‘ಏನೂ ಇಲ್ರೀ.’

ಮೇಡಂ ನಿರ್ದೇಶಕರಿಗೆ ಒಂದು ಚಿಕ್ಕ ವರದಿ ಕಳಿಸಿದರು. ಇಂಥ ಕಡೆ ಇಂಥ ಅಂಕಿ ಬಂದಿದೆ, ಕಾರಣ ಇನ್ನೂ ಗೊತ್ತಾಗಿಲ್ಲ, ಇನ್ನಷ್ಟು ದಿನ ನೋಡಬೇಕು ಎಂದು. ನಾನು ಅದನ್ನು ಓದಿದ್ದೇನೆ. ಅದರಲ್ಲಿ ‘ಪತ್ತೆ’ ಎನ್ನುವ ಪದವೇ ಇರಲಿಲ್ಲ. ನಾಲ್ಕು ದಿನ ಕಳೆಯುವುದರೊಳಗೆ ಪತ್ರಿಕೆಯಲ್ಲಿ ಮೇಡಂ ಅವರ ಫೋಟೋ ಬಂತು: ಸೇಡಂ ನೆಲದಲ್ಲಿ ಹೈಡ್ರೋಜನ್ ಪತ್ತೆ. ಅವರು ಪತ್ರಿಕೆ ಹಿಡಿದುಕೊಂಡು ಆಫೀಸಿನ ಬಾಗಿಲಲ್ಲೇ ನಿಂತುಬಿಟ್ಟರು. ‘ಇನ್ನೂ ಕುದೀಲಿಕತ್ತಿಲ್ಲ, ಇವರು ಬಡಿಸಿಬಿಟ್ರು’ ಎಂದರು.

ಆಮೇಲೆ ನಡೆದದ್ದು ಬಹಳ ವೇಗವಾಗಿ ನಡೆಯಿತು. ಸಂಸ್ಥೆಯವರು ಬಂದು ಬೋರಿನ ಸುತ್ತ ತಂತಿ ಬೇಲಿ ಹಾಕಿಸಿದರು. ಬೋರಿನ ಬಾಯಿಗೆ ಉಕ್ಕಿನ ಮುಚ್ಚಳ, ಅದಕ್ಕೆ ಬೀಗ. ಆ ಮೂಲೆಯನ್ನು ನಿಗದಿತ ಅವಧಿಗೆ ಸಂಶೋಧನೆಗೆ ಬಿಟ್ಟುಕೊಟ್ಟಿದ್ದೇನೆಂಬ ಕರಾರಿಗೆ ಶಾಂತಮ್ಮನ ಸಹಿ ಹಾಕಿಸಿಕೊಂಡರು. ಸುತ್ತಲ ಹೊಲಗಳನ್ನು ಕೇಳಿಕೊಂಡು ಕಾರುಗಳು ಬರತೊಡಗಿದವು. ಹಳ್ಳಿಯ ಜನ ಮೇಡಂಗೆ ಕೈ ಮುಗಿಯತೊಡಗಿದರು. ಅದು ಅವರಿಗೆ ಆ ಪತ್ರಿಕೆಗಿಂತ ಹೆಚ್ಚು ಹಿಂಸೆಯಾಗಿತ್ತು.

ಒಂದು ದಿನ ಬೆಳಿಗ್ಗೆ ಶಾಂತಮ್ಮ ಸೇಡಂ ಆಫೀಸಿಗೇ ಬಂದರು. ಸೆರಗಿನಲ್ಲಿ ಹಸಿ ತೊಗರಿಕಾಯಿ ಕಟ್ಟಿಕೊಂಡು ಬಂದಿದ್ದರು. ಅವನ್ನು ಮೇಜಿನ ಮೇಲೆ ಸುರಿದು ನೆಲದ ಮೇಲೆ ಕುಳಿತರು. ಕುರ್ಚಿ ಕೊಟ್ಟರೂ ಏಳಲಿಲ್ಲ.

‘ಮೇಡಂನೋರ, ನಮ್ಮ ಬೋರ್ ಬಿಡ್ರಿ.’

‘ಯಾಕ್ ಶಾಂತಮ್ಮ, ಏನಾತು?’

‘ಅದರಾಗ ಗ್ಯಾಸ್ ಇಲ್ರಿ. ನಾವು ಆಸಿಡ್ ಹಾಕಿಸಿದ್ವಿ.’

ಸುಣ್ಣಕಲ್ಲಿನ ನಾಡಿನಲ್ಲಿ ಬೋರಿನ ನೀರು ಬತ್ತಿದರೆ ಮೆಕ್ಯಾನಿಕ್‌ಗಳು ಒಳಗೆ ಆಸಿಡ್ ಸುರಿಯುತ್ತಾರೆ. ಅದು ಕಲ್ಲಿನ ಬಿರುಕುಗಳನ್ನು ತಿಂದು ಅಗಲ ಮಾಡಿ ನೀರಿಗೆ ದಾರಿ ಬಿಡುತ್ತದೆ. ಶಾಂತಮ್ಮ ಗುಟ್ಟಾಗಿ ಹಾಕಿಸಿದ್ದರು. ಹಿಂದೊಮ್ಮೆ ಯಾರೋ ಹಾಗೆ ಮಾಡಿಸಿ ಪಕ್ಕದ ಹೊಲದ ನೀರು ಕೆಟ್ಟು, ಊರಲ್ಲಿ ದೊಡ್ಡ ಜಗಳವಾಗಿತ್ತು. ಅದಕ್ಕೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಒಮ್ಮೆ ಹಾಕಿಸಿದ್ದು ಸಾಲದೆಂದು, ನಮ್ಮ ಮೀಟರು ಬಂದುಹೋದ ಮೇಲೆ ಮತ್ತೆ ಮತ್ತೆ ಹಾಕಿಸಿದ್ದರು. ಆಸಿಡ್ಡು ಕಲ್ಲನ್ನಷ್ಟೇ ತಿನ್ನಲಿಲ್ಲ, ಬೋರಿನ ಕಬ್ಬಿಣದ ಕೇಸಿಂಗ್ ಪೈಪನ್ನೂ ತಿಂದಿತು. ಕಬ್ಬಿಣಕ್ಕೆ ಆಸಿಡ್ ಬಿದ್ದರೆ ಹೈಡ್ರೋಜನ್ ಬರುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ.

ಮೇಡಂ ಮೇಜಿನ ಮೇಲಿನ ಒಂದು ತೊಗರಿಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ‘ಅರೇ ಅಲ್ಲಾ. ಎಣ್ಣಿ ಬಾವಿಗಿ ಆಸಿಡ್ ಹೊಡಿಯೋದೇ ನನ್ನ ಕೆಲಸ ಆಗಿತ್ತು ಬೇಟಾ. ಅರ್ಧ ಆಯುಷ್ಯ ಅದರ ವಾಸನ್ಯಾಗೇ ಹೋಗ್ಯದ. ನನಗೇ ಗುರುತು ಸಿಗಲಿಲ್ಲ.’ ಶಾಂತಮ್ಮನ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ‘ನೀವು ಬಂದು ಹೇಳಿದ್ರಲ್ಲ, ಅದು ಭಾಳ ಆತು. ನಿಮ್ಮ ಬೋರ್ ನಿಮಗ ಬರ್ತದ’ ಎಂದರು. ಶಾಂತಮ್ಮ ಹೊರಡುವ ಮೊದಲೇ ನಿರ್ದೇಶಕರಿಗೆ ಫೋನ್ ಮಾಡಿದರು.

ಫೋನಿನ ಆ ಕಡೆಯ ಮಾತು ನನಗೆ ಕೇಳಿಸುತ್ತಿತ್ತು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಸರವಿತ್ತು, ಚಹಾದಲ್ಲಿ ನೊಣ ಬಿದ್ದ ಹಾಗೆ. ‘ಮೇಡಂ, ಮೇಲಿನವರಿಗೆಲ್ಲ ಹೇಳಿ ಆಗಿದೆ. ಈಗ ಇದನ್ನು ಹೇಳಲೇಬೇಕಾದ ಅಗತ್ಯವೇನಿದೆ? ಒಂದು ಹೆಂಗಸು ಏನೋ ಹೇಳಿದಳು ಅಂತ… ಮುಂದಿನ ಹಂತದಲ್ಲಿ ನೋಡೋಣ.’

‘ಒಂದು ಹೆಂಗಸು ಹೇಳಿದ್ದಲ್ಲ ಸರ್. ಎರಡು. ನಾನೂ ಹೇಳಾಕತ್ತೀನಿ’ ಎಂದರು ಮೇಡಂ. ನಿರ್ದೇಶಕರೊಂದಿಗೆ ಅವರು ಕಲಬುರಗಿ ಕನ್ನಡದಲ್ಲಿ ಮಾತಾಡಿದ್ದನ್ನು ಅಂದೇ ಮೊದಲು ಕೇಳಿದೆ.

ಬೀಗ ಹಾಕಿದ್ದರಿಂದ ಹೊಸದಾಗಿ ಆಸಿಡ್ ಬೀಳುವುದು ನಿಂತಿತ್ತು. ನಾವು ಹೋಗಿ ಮತ್ತೆ ಮತ್ತೆ ಅಳೆದೆವು. ಅಂಕಿ ಇಳಿಯುತ್ತ ಇಳಿಯುತ್ತ ಮೀಟರಿಗೆ ಕಾಣದಷ್ಟಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಮೇಡಂ ತಿದ್ದುಪಡಿ ಕಳಿಸಿದರು. ವರದಿ ಹಿಂದಕ್ಕೆ ಪಡೆಯಿರಿ, ಬೋರಿನ ಬೀಗ ತೆಗೆಯಿರಿ, ಇಲ್ಲವಾದರೆ ನನ್ನ ಹೆಸರನ್ನಾದರೂ ತೆಗೆಯಿರಿ ಎಂದರು. ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೈಡ್ರೋಜನ್ ಕಡಿಮೆಯಾಗಿರುವುದು ಋತುಮಾನದ ವ್ಯತ್ಯಾಸವಿರಬಹುದು, ಹೆಚ್ಚಿನ ಅಧ್ಯಯನ ಅಗತ್ಯ. ತೊಗರಿಗೆ ಋತುಮಾನ ಇದೆ. ಕೇಸಿಂಗ್ ಪೈಪಿಗೆ ಯಾವ ಋತುಮಾನ? ಓದಿದವರು, ದೊಡ್ಡ ಪದವಿಗಳ ಜನ, ತಮಗೇ ನಗು ಬರುವಂಥ ಒಂದು ವಾಕ್ಯವನ್ನು ಅಚ್ಚುಕಟ್ಟಾಗಿ ಬರೆದು ಸಹಿ ಹಾಕಿ ಕಳಿಸಿದ್ದರು. ಅದರ ಬೆಲೆ ಶಾಂತಮ್ಮ ತೆರಬೇಕು: ಹೈಡ್ರೋಜನ್ ಇದೆ ಎಂದು ಸಂಸ್ಥೆ ಹೇಳುತ್ತಿರುವಷ್ಟು ಕಾಲ ಅವರ ಬೋರಿಗೆ ಬೀಗ.

ಆಗ ಮೇಡಂ ಒಂದು ಕೆಲಸ ಮಾಡಿದರು. ಸೇಡಂನ ವೆಲ್ಡಿಂಗ್ ಅಂಗಡಿಯಿಂದ ಹಳೆಯ ಕೇಸಿಂಗ್ ಪೈಪಿನ ಪುಡಿ ತರಿಸಿದರು. ಬೋರ್ ಮೆಕ್ಯಾನಿಕ್‌ನಿಂದ ಆಸಿಡ್ ತರಿಸಿದರು. ಹಳ್ಳಿಯ ಕಟ್ಟೆಯ ಮುಂದೆ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಹಾಕಿ, ಅದರಲ್ಲಿ ಪುಡಿ ತುಂಬಿದ ಬಾಟಲಿ ನಿಲ್ಲಿಸಿದರು. ಕೈಗೆ ರಬ್ಬರ್ ಗವಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅರ್ಧ ಊರು ನೆರೆಯಿತು.

‘ಬೀಡಿ ಆರಸ್ರಿ ಎಲ್ಲಾರು. ಇಲ್ಲಾಂದ್ರ ಮೀಸಿ ಹೋಗ್ತಾವ. ನನಗ ಕೇಳಬ್ಯಾಡ್ರಿ ಆಮ್ಯಾಲ.’

‘ನಮ್ಮ ಗೌಡರ ಮೀಸಿ ಹ್ವಾದ್ರ ಉಳಿಯೋದೇನ್ರಿ ಮೇಡಂ!’ ಎಂದ ಒಬ್ಬ.

‘ಮೂಗು ಉಳೀತದ. ಸರೀ, ಹಿಂದ ಸರೀ.’

ಆಸಿಡ್ ಸುರಿದು ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿದರು. ಒಳಗೆ ಗುಳು ಗುಳು ಸದ್ದು. ‘ಕೇಳ್ರಿ, ಶಾಂತಮ್ಮನ ಬೋರಿನ್ಯಾಗ ಕೇಳಿದ ಸಪ್ಪಳ ಇದೇ’ ಎಂದರು. ಬಲೂನು ತುಂಬಲು ಹೊತ್ತು ಹಿಡಿಯಿತು. ಮತ್ತೊಮ್ಮೆ ಪುಡಿ ಹಾಕಿದರು, ಮತ್ತೊಮ್ಮೆ ಕಾದರು. ಊರೂ ಅವರ ಜೊತೆ ಕಾಯಿತು. ಕೊನೆಗೆ ಗಂಟು ಹಾಕಿ ಬಿಟ್ಟಾಗ ಅದು ತೂಗಾಡುತ್ತ ಮೇಲೆದ್ದು, ಕಟ್ಟೆಯ ಬೇವಿನ ಮರವನ್ನೂ ದಾಟಿ ಹೋಯಿತು.

‘ಯಪ್ಪಾ, ನಮ್ಮೂರ ಹೈಡ್ರೋಜನ್ ಹಾರಿ ಹೋತಲ್ಲೋ!’

‘ಹೋಗ್ಲಿ ಬಿಡ್ರಿ’ ಎಂದರು ಮೇಡಂ. ‘ಅದು ನಿಮ್ಮೂರದ್ದಲ್ಲ. ಈ ಬಕೀಟಿಂದು. ಪ್ಯಾಪರದಾಗ ಬಂದದ್ದೂ ಇದೇ. ತಪ್ಪು ನಂದು. ನಿಮ್ಮ ಹೊಲ ಕೇಳಾಕ ಬಂದವರಿಗಿ ಹಂಗೇ ಹೇಳ್ರಿ.’

ಎಲ್ಲರೂ ನಕ್ಕರು. ಆದರೆ ಎಲ್ಲರ ನಗುವೂ ಒಂದೇ ಬಗೆಯದಾಗಿರಲಿಲ್ಲ. ಹೊಲ ಮಾರಿ ದೊಡ್ಡ ಮನೆ ಕಟ್ಟುವ ಯೋಚನೆಯಲ್ಲಿದ್ದವರು ಮರುದಿನದಿಂದ ಮೇಡಂಗೆ ಕುಡಿಯಲು ನೀರು ಕೊಡುವುದನ್ನೂ ಬಿಟ್ಟರು. ‘ಮನಿ ಬಾಗಲಿಗಿ ಬಂದ ಲಕ್ಷ್ಮೀನ್ನ ಒದ್ದು ಕಳಸಿದಳು’ ಎಂದರು. ನಿನ್ನೆ ಮೊನ್ನೆ ಕೈ ಮುಗಿದವರೇ. ಯಾರೋ ಆ ಬಲೂನಿನ ವಿಡಿಯೋ ಮಾಡಿ ಹರಿಬಿಟ್ಟಿದ್ದರು. ಅದು ಬೆಂಗಳೂರು ಮುಟ್ಟಿತು. ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದಾರೆ ಎಂದು ಮೇಡಂ ಅವರನ್ನು ಯೋಜನೆಯಿಂದ ಕೈಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ನನ್ನ ಕೆಲಸವೂ ಹೋಯಿತು.

ಇಲ್ಲಿ ಒಂದು ಮಾತು. ಘನತೆಗೆ ಧಕ್ಕೆ ಎಂದರಲ್ಲ, ಆ ಇಡೀ ಯೋಜನೆಯಲ್ಲಿ ಘನತೆಯಿಂದ ನಡೆದ ಕೆಲಸ ಎಂದರೆ ಆ ಬಕೆಟ್ಟಿನ ಕೆಲಸ ಒಂದೇ. ವಿಜ್ಞಾನದಲ್ಲಿ ತಪ್ಪಾಗುವುದು ಅವಮಾನವಲ್ಲ ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟವರೇ, ತಪ್ಪಾಯಿತೆಂದು ಒಬ್ಬರು ನಿಜವಾಗಿ ಹೇಳಿದಾಗ ಬಾಗಿಲು ಹಾಕಿಕೊಂಡರು.

ಮೇಡಂ ಶಹಾಬಾದಿನ ತಮ್ಮನ ಮನೆಗೆ ಹೋಗಿ ನೆಲೆಸಿದರು. ನಾನು ಆಗಾಗ ಹೋಗುತ್ತಿದ್ದೆ. ಒಳಗೆ ಯಾವುದೋ ಕಾಯಿಲೆ ಇತ್ತು, ಅದರ ಬಗ್ಗೆ ಮಾತಾಡಲು ಬಿಡುತ್ತಿರಲಿಲ್ಲ. ‘ಶಾಂತಮ್ಮನ ಬೀಗ ತಗದ್ರೇನು?’ ಇದೇ ಮೊದಲ ಪ್ರಶ್ನೆ. ಇಲ್ಲ ಎಂದರೆ ಊದುತ್ತಿದ್ದ ಚಹಾದ ಬಸಿಯನ್ನು ಕೆಳಗಿಡುತ್ತಿದ್ದರು. ಒಮ್ಮೆ ಮಾತ್ರ ಅಂದರು: ‘ನಾ ಹೋದ ಮ್ಯಾಲ ಇವರು ನನ್ನ ಭಾಳ ಹೊಗಳ್ತಾರ, ನೋಡ್ತಾ ಇರು. ಸತ್ತಾಕಿ ತಿದ್ದುಪಡಿ ಕಳಸಂಗಿಲ್ಲಲ್ಲ.’

ಹಾಗೇ ಆಯಿತು. ಶ್ರದ್ಧಾಂಜಲಿ ಸಭೆಯ ಜೊತೆಗೆ ಆ ಬೋರಿಗೆ ಅವರ ಹೆಸರನ್ನೇ ಇಟ್ಟರು. ಬೇಲಿಗೆ ಫಲಕ ತೂಗುಹಾಕಿದರು. ಯಾವ ಬೋರಿನಿಂದ ಹೆಸರು ಬಿಡಿಸಿಕೊಳ್ಳಲು ಅವರು ಹೆಣಗಿದರೋ ಅದೇ ಬೋರಿಗೆ.

ಕಳೆದ ವಾರ ಶಾಂತಮ್ಮ ಫೋನ್ ಮಾಡಿದರು. ‘ತಂಗಿ, ಕರಾರ್ ಮುಗ್ದದಂತ. ಮತ್ತ ಸಹಿ ಹಾಕು ಅಂತ ನಾಳಿಗಿ ಬರ್ಲಿಕತ್ಯಾರ. ನೀ ಬಾ.’ ನಾನೀಗ ಚಿತ್ತಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ರಜೆ ಹಾಕಿ ಹೋದೆ.

ಸಂಸ್ಥೆಯಿಂದ ಬಂದಿದ್ದವನು ನನ್ನ ವಯಸ್ಸಿನ ಹುಡುಗ, ಮೈಸೂರು ಕಡೆಯ ಮಾತು, ವಿನಯವಂತ. ಶಾಂತಮ್ಮ ಹೊಲದ ಬದುವಿನ ಮೇಲೆ ಕುಳಿತಿದ್ದರು. ಸ್ವಲ್ಪ ದೂರದಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರಿನಲ್ಲಿ ಮೋಟಾರು, ಪೈಪು ಹೇರಿಕೊಂಡು ಬಂದು ಕಾಯುತ್ತಿದ್ದ. ಶಾಂತಮ್ಮ ಮೊದಲೇ ತೀರ್ಮಾನ ಮಾಡಿಕೊಂಡಿದ್ದಾರೆ ಎಂದು ಅದನ್ನು ನೋಡಿ ಗೊತ್ತಾಯಿತು.

ಹುಡುಗ ಪೆನ್ನು ಚಾಚಿದ. ‘ಅಮ್ಮ, ಈ ಬಾವಿಗೆ ಆ ಮೇಡಂ ಅವರ ಹೆಸರನ್ನೇ ಇಟ್ಟಿದ್ದೇವೆ. ಅವರ ಗೌರವಕ್ಕಾದರೂ ಸಹಿ ಮಾಡಿ.’

‘ಅವರ ಗೌರವ ಇದ್ದಿದ್ರ ಅವರ ಮಾತು ಕೇಳ್ತಿದ್ರಿ ಸಾಹೇಬ್ರ’ ಎಂದರು ಶಾಂತಮ್ಮ. ‘ಇದರಾಗ ಗ್ಯಾಸ್ ಇಲ್ಲಂತ ಅವರೇ ಹೇಳ್ಯಾರ.’

‘ಇಲ್ಲಮ್ಮ, ಕಂಡುಹಿಡಿದದ್ದೇ ಅವರು.’ ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೆಂದೇ ಕಲಿಸಿದ್ದಾರೆ. ನನಗೆ ಮೈ ಉರಿದದ್ದು ಅದಕ್ಕೇ.

‘ಅವರು ಕಂಡುಹಿಡಿಯಲಿಲ್ಲ’ ಎಂದೆ. ‘ನಾನು ಅವರ ಜೊತೆಯಲ್ಲಿದ್ದೆ. ಅಳೆದದ್ದು ನಾನೇ. ಅದು ಆಸಿಡ್ಡಿನದು.’

‘ತಾವು ಯಾರು?’

ಕೇಳದೆ ಹೆಸರು ಹೇಳಿಕೊಳ್ಳುವವಳಲ್ಲ ನಾನು. ಕೇಳಿದ್ದ. ನನ್ನ ಹೆಸರು, ತಂದೆಯ ಹೆಸರು, ಊರು, ಈಗಿನ ಕೆಲಸ ಎಲ್ಲವನ್ನೂ ನಿಧಾನವಾಗಿ ಹೇಳಿದೆ. ‘ಮೇಲಿನವರಿಗೆ ತಿಳಿಸಿ’ ಎಂದೆ. ಕರಾರು ಮುಗಿದ ಮೇಲೆ ಬೋರಿಗೆ ಬೀಗ ಹಾಕುವ ಹಕ್ಕು ಸಂಸ್ಥೆಗಿಲ್ಲ ಎಂದೂ ಹೇಳಿದೆ. ಅವನು ಕಾಗದ ಓದಿಕೊಂಡ. ಯಾರಿಗೋ ಫೋನ್ ಮಾಡಿದ, ಅವರು ಎತ್ತಲಿಲ್ಲ. ಕೊನೆಗೆ ಜೇಬಿನಿಂದ ಬೀಗದಕೈ ತೆಗೆದ.

ಮೋಟಾರು ಇಳಿಸಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕರೆಂಟು ಬರುವವರೆಗೆ ಎಲ್ಲರೂ ಬದುವಿನ ಮೇಲೆ ಕುಳಿತು ಕಾದೆವು, ಆ ಹುಡುಗನೂ. ಬಂದಾಗ ಪೈಪು ಒಮ್ಮೆ ಕೆಮ್ಮಿತು, ಆಮೇಲೆ ಇಟ್ಟಿಗೆ ಬಣ್ಣದ ತುಕ್ಕಿನ ನೀರು ಉಗುಳಿತು. ಬಹಳ ಹೊತ್ತು ಅದೇ ಬಂತು. ‘ದನಕ್ಕೂ ಕುಡಿಸಬೇಡಿ, ಹರಿದು ಹೋಗಲಿ’ ಎಂದೆ. ನಿಧಾನವಾಗಿ ಬಣ್ಣ ತೆಳುವಾಗಿ, ನೀರು ತಿಳಿಯಾಗಿ, ತೊಗರಿಯ ಸಾಲಿಗೆ ಇಳಿಯಿತು.

ಶಾಂತಮ್ಮ ಧಾರೆಗೆ ಕೈಯೊಡ್ಡಿ ನಿಂತು ಹುಡುಗನ ಕಡೆ ತಿರುಗಿದರು.

‘ಬರ್ಕೋರಿ ಸಾಹೇಬ್ರ. ಈ ಬೋರಿನ್ಯಾಗ ಏನದ ಅಂತ ನಿಮ್ಮೋರು ಇಷ್ಟು ದಿನ ನೋಡಿದ್ರಲ್ಲ. ನೀರದ. ಬರ್ಕೋರಿ.’

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದ. ಬರೆದುಕೊಳ್ಳಲಿಲ್ಲ. ಅದಕ್ಕೇ ನಾನು ಬರೆದಿದ್ದೇನೆ.